ದೊಡ್ಡೋರ ಮಾತಿಗೊಂದು ಹ

ಇನ್ನೂ ಗೋಡೆ ಬರೀತೀಯಾ ಅಂತ ಕೇಳ್ತೀರಲ್ಲ, ಬರೀದೆ ಏನು ಮಾಡ್ಲಿ ಕಣ್ರೀ? ಅಂಗಡಿ ಬೋರ್ಡೆಲ್ಲ ಫ್ಲೆಕ್ಸ್‌ನೋರು ತಿಂದ್ಕೊಂಡ್ರು. ತುರುವೇಕೆರೆ ಸುತ್ತ ನನಗೆ ಉಳಿದಿರೋದು ಸ್ಕೂಲು, ಪಂಚಾಯ್ತಿ ಗೋಡೆ. ಮೇಲೆ ಮಹನೀಯರ ಚಿತ್ರ, ಕೆಳಗೆ ಅವರ ನುಡಿಮುತ್ತು. ಅದೂ ಕೈಬಿಟ್ರೆ ಬ್ರಷ್ಷು ಮಡಗಿ ಕಾಯಿ ಸುಲಿಯೋಕೆ ಹೋಗ್ಬೇಕು. ಈ ಕೆಲಸದಲ್ಲಿ ಏನಾದ್ರೂ ಒಂದು ಆಗ್ತಾನೇ ಇರ್ತದೆ. ಅಂಗಡಿ ಬೋರ್ಡಲ್ಲಿ ತಪ್ಪು ಬರೆದ್ರೆ ಅಂಗಡಿಯೋನೊಬ್ಬ ಬೈತಾನೆ. ದೊಡ್ಡೋರ ಮಾತು ತಪ್ಪು ಬರೆದ್ರೆ ಊರೇ ಬರ್ತದೆ. ಸತ್ತೋರು ಸುಮ್ನಿರ್ತಾರೆ, ಬದುಕಿರೋರು ಬಡೀತಾರೆ. ಅದಕ್ಕೇ ಏಣಿ ಹತ್ತಿದ್ರೆ ನನಗೆ ಬೀಳೋ ಭಯ ಇಲ್ಲ, ಇಳಿಯೋ ಭಯ.

ಓಡಿಹೋದ ಅಕ್ಷರ

ಮಾಯಸಂದ್ರದ ಕಡೆ ಒಂದು ಸ್ಕೂಲು. ಕತ್ತಿ ಹಿಡಿದ ವೀರರೊಬ್ಬರ ಚಿತ್ರ ಬರೆದು, ಕೆಳಗೆ ಅವರ ಮಾತು ಬರೆದೆ. ನಮ್ಮ ಸೀಮೆ ಬಾಯಲ್ಲಿ ಹ ನಿಲ್ಲೋದಿಲ್ಲ, ನಿಮಗೇ ಗೊತ್ತು. ಹಳ್ಳಿ ಅಂದ್ರೆ ಅಳ್ಳಿ, ಹಾಲು ಅಂದ್ರೆ ಆಲು. ನನ್ನ ಬ್ರಷ್ಷೂ ಇದೇ ಸೀಮೇದು.

ಮಾರನೇ ದಿನ ಇನ್‌ಸ್ಪೆಕ್ಷನ್. ಹೆಡ್‌ಮೇಷ್ಟ್ರು ಬಂದು ಗೋಡೆ ಮುಂದೆ ನಿಂತ್ರು.

"ಏನಯ್ಯಾ ಇದು?"

"ದೊಡ್ಡೋರ ಮಾತು ಸಾರ್. ಎದರಬೇಡ."

"ಹೆದರಬೇಡ ಕಣಯ್ಯಾ! ಹ ಎಲ್ಲಿ ಹೋಯ್ತು?"

"ಎದರ್ಕೊಂಡು ಓಡೋಗಿರ್ಬೇಕು ಸಾರ್" ಅಂದೆ.

ಅವರು ನಗಲಿಲ್ಲ. "ಇನ್ಮೇಲೆ ಅನುಮಾನ ಬಂದ ಕಡೆ ಒಂದು ಹ ಹಾಕು. ತಿಳೀತಾ?"

ತಿಳೀತು. ಎಷ್ಟು ಜನ ದೊಡ್ಡೋರ ಮಾತು ಬರೆದಿದ್ದೀನೋ ಲೆಕ್ಕ ಇಲ್ಲ. ನಾನು ಪಾಲಿಸಿದ್ದು ಈ ಮೇಷ್ಟ್ರ ಮಾತೊಂದೇ. ಕೆಟ್ಟಿದ್ದೂ ಅದರಿಂದ್ಲೇ.

ಮೀಸೆ

ದಬ್ಬೇಘಟ್ಟದ ಕಡೆ ರಸ್ತೆ ಪಕ್ಕದ ಗೋಡೆ ಮೇಲೆ ಪೇಟ ಕಟ್ಟಿದ ಮಹನೀಯರೊಬ್ಬರನ್ನ ಬರೀಬೇಕಿತ್ತು. ನನಗೆ ಕೊಟ್ಟಿದ್ದು ಬೆಂಕಿಪೊಟ್ಟಣದಷ್ಟು ಫೋಟೋ. ಪೇಟ ಕಾಣ್ತಿತ್ತು, ಮುಖ ಕಾಣ್ತಿರ್ಲಿಲ್ಲ. ಎದುರುಗಡೆ ಕೊಬ್ಬರಿ ವ್ಯಾಪಾರದ ಯಜಮಾನ್ರು ತಲೆಗೆ ಟವೆಲ್ ಸುತ್ಕೊಂಡು, ದೊಡ್ಡ ಮೀಸೆ ಬಿಟ್ಕೊಂಡು ಕೂತಿರೋರು. ಕಣ್ಣು ಅತ್ತ ಹೋಯ್ತು, ಕೈ ಇತ್ತ ಬರೀತು. ಕೆಳಗೆ ನುಡಿಮುತ್ತು, ಅದರ ಕೆಳಗೆ ಜನನ, ಮರಣ.

ಮಧ್ಯಾಹ್ನಕ್ಕೆ ಯಜಮಾನ್ರ ನಾದಿನಿ ಬಸ್ಸಲ್ಲಿ ಹೋಗ್ತಿದ್ದೋರು ಗೋಡೆ ನೋಡಿ, ಅಳ್ತಾ ಇಳಿದುಬುಟ್ರು. ಹಿಂದೇನೇ ಯಜಮಾನ್ರು ಬಂದ್ರು.

"ಲೇ, ಯಾರ್ಲಾ ಇದು?"

"ದೊಡ್ಡೋರು ಯಜಮಾನ್ರೇ."

"ದೊಡ್ಡೋನು ಅನ್ನೋದು ಸರಿ ಕಣ್ಲಾ. ನಾನು ಸತ್ತಿದ್ದು ಯಾವಾಗ?"

ಅವರ ದನಿಯಲ್ಲಿ ಸಿಟ್ಟಿಗಿಂತ ಭಯ ಜಾಸ್ತಿ ಇತ್ತು. ಇಸವಿ ಓದಿ ಓದಿ ಎದೆ ಮುಟ್ಕೊಂಡು ನೋಡ್ಕೊತಿದ್ರು. ಹೋಲಿಕೆ ಹೋಗ್ಲಿ ಅಂತ ಸಂಜೆ ಮಹನೀಯರ ಮೀಸೆ ಅಳಿಸಿಬುಟ್ಟೆ.

ಬೆಳಿಗ್ಗೆ ಯಜಮಾನ್ರು ಮತ್ತೆ ಬಂದ್ರು. ಹೋಲಿಕೆ ಹೋಗ್ಲಿ ಅಂತ ಅವರೂ ರಾತ್ರೋರಾತ್ರಿ ಮೀಸೆ ಬೋಳಿಸ್ಕೊಂಡಿದ್ರು.

ಅನುಮಾನ ಬಂದ ಕಡೆ

ನಮ್ಮೂರ ಪಂಚಾಯ್ತಿ ಗೋಡೆ. ಅಧ್ಯಕ್ಷರು ಮುಂಗೋಪಿ. ಸೆಕ್ರೆಟ್ರಿ ಮೊದಲೇ ಹೇಳಿದ್ದ: "ಜಿಲ್ಲೆಯಿಂದ ಸಾಯೇಬ್ರು ಬತ್ತಾರೆ. ಈ ಗೋಡೆ ಒಪ್ಪಿದ್ರೆ ತಾಲ್ಲೂಕಿನ ಪಂಚಾಯ್ತಿ ಗೋಡೆಯೆಲ್ಲ ನಿಂಗೇ. ಕೆಡಿಸಿದ್ರೆ ಎಲ್ಲಾ ಕಡೆ ಫ್ಲೆಕ್ಸೇ. ಬರ್ಕೋ: ಆಳಾಗಬಲ್ಲವನು ಆಳಬಲ್ಲ."

"ಯಾರ ಮಾತು ಸಾರ್?"

"ಯಾರೋ ದೊಡ್ಡೋರು ಯೋಳಿರ್ತಾರೆ ಬುಡು. ಹಿರಿಯರು ಅಂತ ಆಕು."

ಏಣಿ ಹತ್ತಿದೆ. ಅನುಮಾನ ಶುರುವಾಯ್ತು. ಚಿಕ್ಕಂದಿನಲ್ಲಿ ಮಡಕೆ ಒಡೆದಾಗೆಲ್ಲ ನಮ್ಮವ್ವ "ಆಳಾಗೋದೆ ಕಣ್ಲಾ" ಅಂತ ಬೈಯೋಳು. ಆ ಆಳಿಗೆ ಪುಸ್ತಕದಲ್ಲಿ ಹ ಐತೆ. ಮೇಷ್ಟ್ರ ಮಾತು ನೆನಪಾಯ್ತು. ಹಾಕಿಬುಟ್ಟೆ. ಎರಡನೇ ಆಳಿಗೂ ಹಾಕೋಣ ಅಂದ್ಕೊಂಡೆ, ಒಂದೇ ಸಾಲಲ್ಲಿ ಎರಡು ಅತಿಯಾಯ್ತದೆ ಅಂತ ಬಿಟ್ಟೆ.

ಸಾಹೇಬ್ರು ಬಂದ ದಿನ ಜನರ ಮುಂದೆ ಗೋಡೆ ಪರದೆ ಸರಿಸಿದ್ರು. ದೂರ ನಿಂತು ಪೂರ್ತಿ ಓದಿದ್ದು ಆವಾಗ್ಲೇ: "ಹಾಳಾಗಬಲ್ಲವನು ಆಳಬಲ್ಲ."

ಓಡೋಣ ಅಂದ್ರೆ ಹಿಂದೆ ಕಾಂಪೌಂಡು, ಮುಂದೆ ಅಧ್ಯಕ್ಷರು. ಅವರು ಮೈಕು ಹಿಡಿದು, ಗೋಡೆ ನೋಡಿ, ಗಟ್ಟಿಯಾಗಿ ಓದಿದ್ರು: "ಆಳಾಗಬಲ್ಲವನು ಆಳಬಲ್ಲ!"

ಜನ ಚಪ್ಪಾಳೆ ಹೊಡೆದ್ರು. ನಮ್ಮ ಸೀಮೆ ಬಾಯಿಗೆ ಮನಸ್ಸಲ್ಲೇ ಕೈಮುಗಿದೆ.

ಆದ್ರೆ ಸಾಹೇಬ್ರು ಬೇರೆ ಸೀಮೆಯೋರು, ಬಾಯಲ್ಲಿ ಹ ಇರೋರು. ಕನ್ನಡಕ ಹಾಕ್ಕೊಂಡು, "ಹಾ... ಹಾಳಾಗಬಲ್ಲವನು?" ಅಂದ್ರು.

"ಊಂ ಸಾರ್, ಅದೇ, ಆಳಾಗಬಲ್ಲವನು" ಅಂದ್ರು ಅಧ್ಯಕ್ಷರು, ಎದೆ ಉಬ್ಬಿಸಿ. "ಅದಕ್ಕೆ ನಾನೇ ಉದಾಹರಣೆ."

ಸಾಹೇಬ್ರು ಅಧ್ಯಕ್ಷರನ್ನ ನೋಡಿದ್ರು. ಸೋರೋ ಸೂರು ನೋಡಿದ್ರು. ನೀರು ಬಾರದ ನಲ್ಲಿ ನೋಡಿದ್ರು. "ಬರೆದಿದ್ದು ಯಾರು?"

ಎಲ್ಲಾ ಬೆರಳೂ ನನ್ನ ಕಡೆ. ನಾನು ಮೆಲ್ಲಗೆ ಏಣಿ ಹಿಂದಕ್ಕೆ ಸರಿದೆ.

"ಒಂದಕ್ಷರಾನೂ ಮುಟ್ಟಬೇಡ" ಅಂದ್ರು ಸಾಹೇಬ್ರು. "ತಾಲ್ಲೂಕಿನ ಎಲ್ಲಾ ಪಂಚಾಯ್ತಿಗೂ ಹೀಗೇ ಬರಿ."

ಮನೆಗೆ ಬಂದು ಮುದ್ದೆ ಮುಂದೆ ಕೂತೆ. ಇನ್ನು ಊರೂರಿಗೂ ಅದನ್ನೇ ಬರೀಬೇಕು. ಒಂದಲ್ಲ ಒಂದು ಊರಲ್ಲಿ ಹ ಓದೋ ಅಧ್ಯಕ್ಷ ಸಿಕ್ಕೇ ಸಿಗ್ತಾನೆ, ನನ್ನ ಗತಿ ಏನು ಅಂತ ಹೆಂಡ್ತಿ ಹತ್ರ ಗೋಳಾಡಿದೆ.

ಅವಳು ಸಾರು ಬಿಡ್ತಾ ಅಂದ್ಲು: "ಎದರಬೇಡಿ, ಉಣ್ಣಿ. ಆಳಾದೋರೇ ಆಳೋದು ಅನ್ನೋದು ನಿಜ ಆಗಿದ್ರೆ, ಈ ಒತ್ತಿಗೆ ನೀವು ಮುಖ್ಯಮಂತ್ರಿ ಆಗಿರ್ಬೇಕಿತ್ತು."