ಗುಲಗಂಜಿಯ ಮೂರನೇ ಕೈ

ಬೆಳ್ಳಿ ಕೆಲಸ ಮಾಡುವವನ ಮನೆಯಲ್ಲಿ ಬೆಳ್ಳಿ ಇರಲಿ ಬಿಡಲಿ, ನಗುವ ಪ್ರಸಂಗಕ್ಕೆ ಮಾತ್ರ ಬರ ಬಂದದ್ದಿಲ್ಲ. ಆದೋನಿಯ ಬಜಾರಿನ ಹಿಂದಿನ ಓಣಿಯಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲೇ ಕುಳಿತು ನಾನು ಬೆಸುಗೆ ಹಾಕುತ್ತೇನೆ. ಒಂದು ಕೈಯಲ್ಲಿ ಚಿಮಟ, ಇನ್ನೊಂದು ಕೈಯಲ್ಲಿ ಗ್ಯಾಸಿನ ಉರಿ. ಕೂಡಿಸಬೇಕಾದ ತುಣುಕನ್ನು ಅಲುಗದಂತೆ ಹಿಡಿಯಲು ಮೂರನೇ ಕೈ ಬೇಕು; ಶಿವ ಕೊಟ್ಟಿಲ್ಲ. ಅದರ ಬದಲು ಗುಲಗಂಜಿ ಕೊಟ್ಟಿದ್ದಾನೆ. ಸಿಪ್ಪೆ ಸುಲಿದು, ಚೂರು ಬಿಳಿಗಾರ ಸೇರಿಸಿ, ಕಲ್ಲಿನ ಮೇಲೆ ನೀರು ಹಾಕಿ ತೇದರೆ ಬೆಳ್ಳನೆಯ ಅಂಟಾಗುತ್ತದೆ. ಬಾಯಿಗೆ ಸೋಕಬಾರದು, ವಿಷ. ಅದೊಂದು ಬಿಟ್ಟರೆ ಬಹಳ ನಂಬಿಗಸ್ತ.

ನಮ್ಮ ಕಸುಬಿಗೆ ಇನ್ನೊಂದೂ ಅಂಟಿಕೊಂಡಿದೆ: ಅಕ್ಕಸಾಲಿ ಅಕ್ಕನ ಬಂಗಾರವನ್ನೂ ಬಿಡ ಎಂಬ ಗಾದೆ. ಅಪ್ಪ ಹೇಳುತ್ತಿದ್ದರು, "ತುಣುಕು ಕಳದ್ರ ಹುಡುಕಬೌದು. ಹೆಸರು ಕಳದ್ರ ಯಾವ ಚಿಮಟಕ್ಕೂ ಸಿಗಂಗಿಲ್ಲ." ಹೀಗಾಗಿ ಒಂದು ಚೂರು ಕಾಣದಾದರೂ ಅದು ಸಿಗುವವರೆಗೆ ನಾನು ಊಟಕ್ಕೆ ಏಳುವುದಿಲ್ಲ.

೧. ಫ್ಯಾನು

ಆಸ್ಪರಿ ಕಡೆಯ ರೈತನೊಬ್ಬ ಮಗಳ ಸೊಂಟದ ಡಾಬಿಗೆ ಹೂ ಕೂಡಿಸಲು ತಂದಿದ್ದ. ಎಸಳುಗಳು ಕಾಗದದಷ್ಟು ತೆಳ್ಳಗೆ. ಒಂದೊಂದಾಗಿ ಹಲಗೆಯ ಮೇಲೆ ಹರವಿ, ಇನ್ನೇನು ಅಂಟು ಹಚ್ಚಬೇಕು. ಮೇ ತಿಂಗಳು. ನನ್ನ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುವುದನ್ನು ಅವನು ನೋಡಿದ.

"ಅಲ್ರೀ, ತಲಿಮ್ಯಾಲೆ ಫ್ಯಾನ್ ಐತಿ, ಹಿಂಗ್ಯಾಕ ಸಾಯ್ತೀರಿ" ಎಂದವನೇ ಸ್ವಿಚ್ಚು ಒತ್ತಿಬಿಟ್ಟ.

ಎಸಳೆಲ್ಲ ಎದ್ದವು. ಇಬ್ಬರೂ ಮಂಡಿಯೂರಿ ಚಾಪೆ, ಗೂಡು, ದೇವರ ಪಟದ ಹಿಂದೆ ಹುಡುಕಿದೆವು. ಅವನ ಒಂದು ಕಣ್ಣು ನೆಲದ ಮೇಲೆ, ಇನ್ನೊಂದು ನನ್ನ ಜೇಬಿನ ಮೇಲೆ. ಕೊನೆಯ ಎಸಳು ಅವನ ಟವೆಲಿನ ಮಡಿಕೆಯಲ್ಲೇ ಸಿಕ್ಕಿತು. ಅವನು ಅದನ್ನು ಬೆರಳಲ್ಲಿ ಎತ್ತಿ ಹಿಡಿದು ಹೇಳಿದ:

"ಶೇಂಗಾ ತೂರಿದ್ರ ಹೊಟ್ಟು ಹಾರಿ ಕಾಳು ಉಳೀತಾವು. ನಿಮ್ಮ ಕಸುಬಿನ್ಯಾಗ ಕಾಳೇ ಹಾರತಾವಲ್ರಿ."

೨. ಕಾಲುಂಗುರ

ನಂದವರಂ ಕಡೆಯಿಂದ ಒಬ್ಬ ಮುದುಕಿ ಗಂಡನ ಜೊತೆ ಬಂದಳು. ಕಾಲುಂಗುರದ ಮೇಲಿನ ಗುಂಡು ಬಿಚ್ಚಿಕೊಂಡಿತ್ತು. ಬಂದವಳೇ ಕಾಲನ್ನು ನನ್ನ ಹಲಗೆಯ ಮುಂದೆ ಚಾಚಿದಳು.

"ತೆಗೆದು ಕೊಡ್ರಮ್ಮ."

"ತೆಗಿಯಂಗಿಲ್ಲಪ್ಪ. ಯಜಮಾನ್ರು ಅದಾರ. ಕಾಲಾಗ ಇದ್ದಂಗ ಬೆಸಿ."

"ಬೆಂಕಿ ಹಿಡೀಬೇಕಮ್ಮ. ಬೆರಳು ಸುಡ್ತೈತಿ."

"ಸುಡ್ಲಿ ಬಿಡು," ಎಂದರು ಯಜಮಾನರು, ಬಾಗಿಲ ಬಳಿಯಿಂದ. ಕಾಲುಂಗುರ ತೆಗೆದರೆ ಕುತ್ತು ಬರುವುದು ಅವರಿಗಲ್ಲವೇ.

ಕೊನೆಗೆ ಬೆರಳಿಗೆ ಅರಿಶಿನದ ದಾರ ಕಟ್ಟಿ, ಉಂಗುರ ಬಿಡಿಸಿಕೊಟ್ಟಳು. ನಾನು ಗುಂಡಿಗೆ ಅಂಟು ಹಚ್ಚಿ ಕೂಡಿಸಿ, ಉರಿ ಹಿಡಿದೆ. ದಾರದ ಮೇಲೆ ಆಕೆಗೆ ಭರವಸೆ ಸಾಲದು. ನಿಮಿಷಕ್ಕೊಮ್ಮೆ ತಿರುಗಿ, "ಅದೀರೇನ್ರಿ?" ಅನ್ನುವಳು. "ಅದೀನಿ" ಅನ್ನುವರು ಅವರು. ನಾಲ್ಕನೇ ಸಲ ಉತ್ತರ ಬರಲಿಲ್ಲ. ಆಕೆ ಬಾಗಿಲಿಗೆ ಓಡಿದಳು. ನಾನು ಉರಿ ಹಿಡಿದುಕೊಂಡೇ ಎದ್ದೆ. ಆಕೆ ಭುಜ ಹಿಡಿದು ಅಲ್ಲಾಡಿಸಿದಾಗ ಅವರು ನಿದ್ದೆಗಣ್ಣು ತೆರೆದು ಕೇಳಿದರು:

"ಬೆಸುಗಿ ಕೂಡ್ತೇನು? ಇನ್ನ ನಾ 'ಅದೀನಿ' ಅನ್ನದಿದ್ರೂ ನಡೀತೈತಲ್ಲ?"

೩. ಒಂದು ಮಾತು, ಎರಡು ಭಾಷೆ

ನಮ್ಮ ಸೊಸೆಯ ತವರು ಅಚ್ಚ ತೆಲುಗು ಸೀಮೆ. ಆಕೆ ಬಂದ ಹೊಸದರಲ್ಲಿ ನಾನೊಂದು ಕರಡಿಗೆಯ ಮುಚ್ಚಳಕ್ಕೆ ಕೊಂಡಿ ಕೂಡಿಸುತ್ತಿದ್ದೆ. ಕರಡಿಗೆ ಎಂದರೆ ಕೊರಳಲ್ಲಿ ಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಭರಣಿ. ಕೊಂಡಿ ಎರಡು ಸಲ ಜಾರಿತ್ತು. ಮೂರನೇ ಸಲ ಬೆಸುಗೆ ಕರಗಿ ಮಿನುಗಿ ಹರಿದಾಗ ಖುಷಿಗೆ ಗಟ್ಟಿಯಾಗಿ ಅಂದೆ, "ಅಂಟುಕೊಂತು, ಅಂಟುಕೊಂತು."

ನಮ್ಮ ಕನ್ನಡದಲ್ಲಿ ಅದು ಕೂಡಿಕೊಂಡಿತು ಎಂದಾಯಿತು. ಆಕೆಯ ತೆಲುಗಿನಲ್ಲಿ 'ಅಂಟುಕುಂದಿ' ಎಂದರೆ ಬೆಂಕಿ ಹತ್ತಿತು. ಅಡುಗೆಮನೆಯಿಂದ "ಅಯ್ಯೋ ಮಾಮಯ್ಯಾ" ಎಂದು ಓಡಿಬಂದವಳು ತುಂಬಿದ ಕೊಡ ನನ್ನ ತಲೆಯ ಮೇಲೆ ಸುರಿದಳು. ಉರಿ ಆರಿತು, ಕೊಂಡಿ ಮೂಲೆಗೆ ಹೋಯಿತು, ನಾನು ಚಿಮಟ ಹಿಡಿದುಕೊಂಡೇ ಕುಳಿತಿದ್ದೆ.

ಅಂದಿನಿಂದ ಆ ಮಾತು ಬಿಟ್ಟೆ. ಬೆಸುಗೆ ಕೂಡಿದರೆ "ಶಿವಾ" ಅಂತೀನಿ. ಅದಕ್ಕೂ ಆಕೆ ಚೆಂಬು ಹಿಡಿದು ಬರುತ್ತಾಳೆ. ಕುಡಿಯಲಿಕ್ಕೋ ಅಭಿಷೇಕಕ್ಕೋ ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

೪. ಮೂರನೇ ಕಣ್ಣು

ಪೆದ್ದಕಡುಬೂರಿನ ಹತ್ತಿರದ ಒಂದು ಹಳ್ಳಿಯವರು ತಮ್ಮ ಈಶ್ವರನಿಗೆ ಬೆಳ್ಳಿ ಮುಖ ಮಾಡಿಸಿದರು. ಊರವರೆಲ್ಲ ಮನೆಮನೆಯಿಂದ ಹಳೆ ಬೆಳ್ಳಿ ಕೊಟ್ಟಿದ್ದರು. ಇಷ್ಟು ದೊಡ್ಡ ನಂಬಿಕೆ ನನ್ನ ಹಲಗೆಗೆ ಬಂದದ್ದು ಅದೇ ಮೊದಲು. ಸೋಮವಾರ ಬೆಳಿಗ್ಗೆ ಆ ಊರಿನ ಹಿರಿಯರು, ಹತ್ತಿ ವ್ಯಾಪಾರದ ದೊಡ್ಡ ಯಜಮಾನರು, ಮುಖ ಒಯ್ಯಲು ಬಂದು ಕುಳಿತರು. ಮೈತುಂಬ ವಿಭೂತಿ, ಹುಬ್ಬಿನವರೆಗೆ ರುಮಾಲು.

ಉಳಿದದ್ದು ಹಣೆಗಣ್ಣು ಒಂದೇ. ಹುಣಸೆ ಬೀಜದಷ್ಟು ಅಗಲದ ತೆಳು ತಗಡು. ಅಂಟು ತೇದಿಟ್ಟು, ಕಣ್ಣನ್ನು ಮುಖದ ಹಣೆಯ ಮೇಲೆ ಸುಮ್ಮನೆ ಇಟ್ಟು ಅಳತೆ ನೋಡಿ, ಕೈ ತೊಳೆಯಲು ಹಿತ್ತಲಿಗೆ ಹೋದೆ. ಬಂದು ನೋಡಿದರೆ ಕಲ್ಲಿನ ಮೇಲೆ ಅಂಟಿಲ್ಲ, ಮುಖದ ಮೇಲೆ ಕಣ್ಣಿಲ್ಲ. ಯಜಮಾನರು ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು.

ನಾನು ಚಾಪೆ ಎತ್ತಿದೆ. ಹಲಗೆ ಸರಿಸಿದೆ.

"ಏನು ಹುಡುಕಾಕ ಹತ್ತೀಯಪ್ಪ?"

"ಮೂರನೇ ಕಣ್ಣು, ಯಜಮಾನ್ರೆ."

"ಈಗ ನಾ ನಮಸ್ಕಾರ ಮಾಡೋಮುಂದ ಇತ್ತಲ್ಲ." ಅವರ ಮುಖ ಬಿಗಿಯಿತು. "ಊರಿಗೆ ಏನಂತ ಹೇಳ್ಲಿ? ಹಿರೇರು ಸುಮ್ನ ಅಂದಿಲ್ಲ, ಅಕ್ಕಸಾಲಿ ಅಕ್ಕನ..." ಎಂದು ಅಲ್ಲಿಗೇ ನಿಲ್ಲಿಸಿದರು.

ಪೂರ್ತಿ ಅಂದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಗಾದೆ ಪೆದ್ದಕಡುಬೂರಿನ ಬಸ್ಸು ಹತ್ತಿದರೆ ಮುಗಿಯಿತು; ಅಪ್ಪನ ಕಾಲದಿಂದ ಕಾಪಾಡಿಕೊಂಡ ಹೆಸರು ತಿರುಗಿ ಬರುವುದಿಲ್ಲ. ಕೊರಳಿನ ಲಿಂಗ ಕೈಯಲ್ಲಿ ಹಿಡಿದು ಅಂದೆ, "ಶಿವನಾಣಿ, ನಾ ಮುಟ್ಟಿಲ್ಲ."

ಅವರೂ ಧರ್ಮಸ್ಥರು. "ನೀ ಒಬ್ಬನೇ ಯಾಕ? ಇಲ್ಲಿ ಇದ್ದಾವ ನಾನೂ ಅದೀನಲ್ಲ. ನಾನೂ ಆಣಿ ಮಾಡ್ತೀನಿ" ಎಂದು ಬೆಳ್ಳಿ ಮುಖದ ಕಡೆ ತಿರುಗಿ, ರುಮಾಲು ತೆಗೆದು, ಕೈಮುಗಿದರು.

ಕಣ್ಣು ಅವರ ಹಣೆಯ ಮೇಲಿತ್ತು. ನಟ್ಟನಡುವೆ, ನಾನು ಅಳೆದಿಟ್ಟರೂ ಅಷ್ಟು ನೇರವಾಗಿ ಕೂರುತ್ತಿರಲಿಲ್ಲ. ತೇದಿಟ್ಟ ಅಂಟನ್ನು ಕಲಸಿದ ವಿಭೂತಿ ಎಂದು ತಿಳಿದು ಹಣೆಗೆ ಬಳಿದುಕೊಂಡಿದ್ದಾರೆ, ಅದೇ ಹಣೆಯನ್ನು ದೇವರ ಹಣೆಗೆ ಮುಟ್ಟಿಸಿದ್ದಾರೆ, ಮೇಲೆ ರುಮಾಲು ಸುತ್ತಿದ್ದಾರೆ.

ನನಗೆ 'ಶಿವಾ' ಅನ್ನುವುದೂ ಮರೆತುಹೋಯಿತು. ಬಿಟ್ಟ ಮಾತೇ ಬಾಯಿಂದ ಬಿತ್ತು: "ಅಂಟುಕೊಂತು, ಯಜಮಾನ್ರೆ, ಅಂಟುಕೊಂತು."

ಇಷ್ಟು ದಿನ ಬಿಟ್ಟ ಮಾತು ಮಾವನ ಬಾಯಲ್ಲಿ ಬಂತೆಂದರೆ ಈ ಸಲ ನಿಜವಾಗಿ ಬೆಂಕಿ ಹತ್ತಿದೆ ಎಂದು ಸೊಸೆ ತಿಳಿದಳು. ಕೊಡ ಸಮೇತ ಬಂದಳು. ಮುಂದೆ ಇದ್ದ ತಲೆ ಯಜಮಾನರದು.

ನೀರೆಲ್ಲ ಇಳಿದುಹೋಯಿತು. ವಿಭೂತಿ ತೊಳೆದುಹೋಯಿತು. ಸೊಸೆ ಕೊಡ ಹಿಡಿದುಕೊಂಡೇ ಮೂರು ಕಣ್ಣಿನವರನ್ನು ನೋಡಿ, ಸೆರಗು ತಲೆಗೆ ಎಳೆದುಕೊಂಡು ಕೈಮುಗಿದಳು. ಯಜಮಾನರು ಮೆಲ್ಲಗೆ ಬೆರಳಿನಿಂದ ಹಣೆ ಸವರಿಕೊಂಡರು. ಕಣ್ಣು ಅಲುಗಲಿಲ್ಲ. ಇನ್ನೊಮ್ಮೆ ಉಗುರಿನಿಂದ ಎಬ್ಬಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಸಮಾಧಾನದಿಂದ ಹೇಳಿದರು:

"ಗಾದಿ ಸುಳ್ಳಪ್ಪ. ನೀ ಬಿಟ್ಟೀದಿ, ಈ ಕಣ್ಣೇ ನನ್ನ ಬಿಡವಲ್ದು."