ತೂತಿಗೊಂದು ರಿಯಾಯಿತಿ

ಅರ್ಧ ದಿನದ ಬಾಡಿಗೆಗೆ ಮೂರು ಲಕ್ಷ ಯೆನ್ ಕೊಟ್ಟೆ. ಅವರು ಕೇಳಿದ್ದು ಐದು. ಉಳಿದ ಎರಡನ್ನು ಇಳಿಸಿದ್ದು ಒಂದು ಸೊಟ್ಟ ಗೋಡೆ ಮತ್ತು ಒಂದು ತೂತಿನ ಬಲದಿಂದ. ಜಪಾನಿನ ಕೋಬೆಗೆ ಬರಿಗೈಲಿ ಬಂದು ಪರದೆ ಬಟ್ಟೆಯ ಅಂಗಡಿ ಇಟ್ಟವನು ನಾನು. ಹೇಳಿದ ಬೆಲೆ ಕೊಟ್ಟುಬಂದರೆ ನನಗೆ ಊಟ ಸೇರುವುದಿಲ್ಲ.

ಬಾಡಿಗೆಗೆ ಹಿಡಿದದ್ದು ಮದುವೆಗಳಿಗೆಂದೇ ಕಟ್ಟಿದ ಒಂದು ಚರ್ಚು. ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ನೂರಾರು ವರ್ಷಗಳಿಂದ ನಿಂತಿರುವ ಚರ್ಚಿನ ಪಡಿಯಚ್ಚು. ಮಗಳು ಮೇಘಾ ಅಲ್ಲೇ ತಾಳಿ ಕಟ್ಟಿಸಿಕೊಳ್ಳುತ್ತೇನೆಂದು ಹಟ ಹಿಡಿದಳು. ಕೊರೋನಾ ಕಾಲ; ಊರಿನಿಂದ ನೆಂಟರು ಬರುವಂತಿಲ್ಲ, ಪುರೋಹಿತರೂ ಮೊಬೈಲಿನಲ್ಲೇ. "ಜನ ಇಲ್ಲದ ಮದುವೆಗೆ ಗೋಡೆಯಾದರೂ ಚೆನ್ನಾಗಿರಲಿ ಅಪ್ಪಾ" ಎಂದಳು.

ನೋಡಲು ಹೋದ ದಿನ ಒಳಗೆ ಕಾಲಿಟ್ಟವನು ಬೆಲೆ ಕೇಳುವುದನ್ನೇ ಮರೆತೆ. ತಲೆಯ ಮೇಲೆ ಮರದ ಚಾವಣಿ, ದೊಡ್ಡ ದೋಣಿಯೊಂದನ್ನು ಬೋರಲು ಹಾಕಿದಂತೆ. ಕಲ್ಲಿನ ಕಂಬಗಳು ಮೇಲೆ ಹೋಗಿ ಕೊಂಬೆಯೊಡೆದು ಕಮಾನಾಗಿದ್ದವು. ಕಿಟಕಿಯ ತಲೆಯಲ್ಲಿ ಕಲ್ಲನ್ನೇ ಕಸೂತಿಯಂತೆ ಬಿಡಿಸಿದ್ದರು. ಬಣ್ಣದ ಗಾಜು ತೂರಿ ಬಂದ ಬಿಸಿಲು ನೆಲದ ಮೇಲೆ ಸೀರೆ ಹಾಸಿತ್ತು. ಪರದೆ ಹಾಕಿದರೆ ಪಾಪ ಸುತ್ತಿಕೊಳ್ಳುವಂಥ ಕಿಟಕಿಯನ್ನು ನಾನು ಕಂಡದ್ದು ಅದೇ ಮೊದಲು. ಆದರೆ ಬೆರಗು ಮುಖದಲ್ಲಿ ಕಂಡರೆ ವ್ಯಾಪಾರ ಕೆಟ್ಟಿತು. ಮಾಸ್ಕ್ ಇದ್ದದ್ದು ಪುಣ್ಯ.

ಮ್ಯಾನೇಜರ್ ಮೋರಿ-ಸಾನ್ (ಅವರ ಭಾಷೆಯಲ್ಲಿ ಮೋರಿ ಎಂದರೆ ಕಾಡು, ನಮ್ಮಲ್ಲಿ ಏನೆಂದು ನಾನಿನ್ನೂ ಹೇಳಿಲ್ಲ) ಪಕ್ಕದಲ್ಲೇ ಇದ್ದರು. "ಸುಮಿಮಾಸೆನ್, ಕ್ಷಮಿಸಿ, ಪೂಜೆಯ ಜಾಗದ ಗೋಡೆ ಒಂದು ಕಡೆ ಸೊಟ್ಟಗಿದೆಯಲ್ಲ?" ಎಂದೆ. "ಮೂಲದಲ್ಲೂ ಹಾಗೇ ಇದೆ" ಎಂದು ಬಾಗಿದರು. "ಗೋಡೆಯಲ್ಲಿ ಓರೆಯಾಗಿ ತೂತಿದೆ, ಗಾಳಿ ನುಗ್ಗುತ್ತೆ." "ಅದೂ ಮೂಲದಲ್ಲಿದೆ." "ಅಂದರೆ ತಪ್ಪನ್ನೂ ದುಡ್ಡು ಸುರಿದು ನಕಲು ಮಾಡಿದ್ದೀರಿ. ಆ ದುಡ್ಡು ನಾನ್ಯಾಕೆ ಕೊಡಲಿ?" ಅವರು ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡರು; ಇಲ್ಲಿನವರು ಇಕ್ಕಟ್ಟಿಗೆ ಸಿಕ್ಕಾಗ ಹಾಗೆ ಮಾಡುತ್ತಾರೆ. ಗೆದ್ದೆ ಎಂದುಕೊಂಡೆ.

ಮದುವೆಯ ದಿನ ಬಾಗಿಲಲ್ಲಿ ಹಣೆಗೆ ಹಿಡಿಯುವ ಯಂತ್ರ ನನ್ನ ಹೆಂಡತಿ ಸರಳಾಳ ಸರದಿ ಬಂದಾಗ ಕೂಗಿಕೊಂಡಿತು. ಜ್ವರ. ಒಳಗೆ ಬಿಡುವಂತಿಲ್ಲ. ಎಷ್ಟು ಗೋಗರೆದರೂ ಚೌಕಾಸಿ ನಡೆಯಲಿಲ್ಲ. "ಅಮ್ಮ ನೋಡದೆ ನನಗೆ ತಾಳಿ ಬೇಡ" ಎಂದು ಮೇಘಾ ಮೆಟ್ಟಿಲ ಮೇಲೇ ಕೂತುಬಿಟ್ಟಳು.

ಮೋರಿ-ಸಾನ್ ಸದ್ದಿಲ್ಲದೆ ಸರಳಾಳನ್ನು ಹೊರಗಿನಿಂದಲೇ ಸುತ್ತಿಸಿ, ಆ ತೂತಿನ ಮುಂದೆ ನಿಲ್ಲಿಸಿದರು. ಮೂಲದ ಚರ್ಚಿನಲ್ಲಿ, ಅಂಟುರೋಗದವರು ಹೊರಗೆ ನಿಂತೇ ಪೂಜೆ ನೋಡಲಿ ಎಂದು ಹಿಂದಿನವರು ಅದನ್ನು ಕೊರೆಸಿದ್ದರು ಎನ್ನುತ್ತಾರಂತೆ. ಒಳಗಿನಿಂದ ನೋಡಿದೆ. ಮೊಳಗಟ್ಟಲೆ ದಪ್ಪದ ಗೋಡೆಯ ಆಚೆ, ತಾಳಿ ಕಟ್ಟುವ ಜಾಗದ ನೇರಕ್ಕೆ, ನನ್ನ ಹೆಂಡತಿಯ ಒಂದು ಕಣ್ಣು. ತುಂಬಿದ ಕಣ್ಣು. ಯಾವ ಕಾಲದ ಯಾವ ಕಲ್ಲುಕುಟಿಗ ಉಳಿಯನ್ನು ಓರೆ ಹಿಡಿದಿದ್ದನೋ, ನನಗೆ ಮೈ ಜುಮ್ಮೆಂದಿತು. ಕೈಮುಗಿದು ನಿಂತುಬಿಟ್ಟೆ.

"ಏನ್ರೀ, ಪಕ್ಕಕ್ಕೆ ಸರೀರಿ! ನಿಮ್ಮ ತಲೆ ಅಡ್ಡ ಬರ್ತಿದೆ" ಎಂದಿತು ಗೋಡೆ.

ಆ ಕಣ್ಣಿನ ಎದುರೇ ವರ ಮೇಘಾಳಿಗೆ ತಾಳಿ ಕಟ್ಟಿದ. ಜ್ವರ ಬರೀ ನೆಗಡಿಯದ್ದು, ಬೇಗ ಇಳಿಯಿತು. ಸರಳಾಳ ಮಾತು ಇಳಿಯಲಿಲ್ಲ. "ಉಡುಪಿಯಲ್ಲಿ ಕ್ಯೂ ನಿಂತು ಕಿಂಡಿಯಲ್ಲಿ ದೇವರನ್ನ ನೋಡಿ ಬಂದವರು, ಇಲ್ಲಿ ಕಿಂಡಿಗೆ ತೂತು ಅಂದ್ರಾ?" ತೂತಿನ ಪಾಲಿನ ರಿಯಾಯಿತಿ ಹಿಂದಿರುಗಿಸಲು ಹೋದೆ, ಮೋರಿ-ಸಾನ್ ಬಾಗಿ ಬಾಗಿ ಬೇಡವೆಂದರು. ನಾನೂ ಹೆಚ್ಚು ಒತ್ತಾಯ ಮಾಡಲಿಲ್ಲ.

ಆದ್ದರಿಂದ, ಮದುವೆಗೆ ಜಾಗ ಗೊತ್ತುಮಾಡುವವರೇ, ಚೌಕಾಸಿ ಖಂಡಿತ ಮಾಡಿ. ಆದರೆ ಹಳೆಯ ಕಟ್ಟಡದಲ್ಲೋ ಅದರ ನಕಲಿನಲ್ಲೋ ತೂತು ಕಂಡರೆ, ಹೊರಗೆ ಹೋಗಿ ಅದರಲ್ಲೊಮ್ಮೆ ಇಣುಕಿ, ಆಮೇಲೆ ಬಾಯಿ ಬಿಡಿ. ಸೊಟ್ಟ ಗೋಡೆಗೆ ಬೇಕಾದರೆ ರಿಯಾಯಿತಿ ಕೇಳಿ. ಮತ್ತೆ, ಆ ತೂತಿನ ನೇರಕ್ಕೆ ಮಾತ್ರ ನಿಮ್ಮ ತಲೆ ಇಡಬೇಡಿ.