ತೂಕ ನೋಡಿ ತಂದ ಬ್ಯಾಟರಿ

ಬೀದರಿನ ಕಾಳಿನ ಪೇಟೆ ಗಾಂಧಿ ಗಂಜಿನಲ್ಲಿ ಇಪ್ಪತ್ತೆಂಟು ವರ್ಷದಿಂದ ತೊಗರಿ, ಕಡಲೆಯ ವ್ಯಾಪಾರ ಮಾಡುತ್ತಿದ್ದ ಶಿವರಾಜಪ್ಪನವರಿಗೆ ನಂಬಿಕೆ ಇದ್ದದ್ದು ಒಂದೇ ಶಾಸ್ತ್ರದಲ್ಲಿ: ತೂಕಶಾಸ್ತ್ರ. ಚೀಲದ ಕಿವಿ ಹಿಡಿದು ಒಮ್ಮೆ ಎತ್ತಿದರೆ ಸಾಕು, ಒಳಗಿನ ಕಾಳು ಗಟ್ಟಿಯೋ ಜೊಳ್ಳೋ ಹೇಳಿಬಿಡುತ್ತಿದ್ದರು. ಗಂಜಿನಲ್ಲಿ ಮರ್ಯಾದೆ ತಂದುಕೊಟ್ಟ ಈ ವಿದ್ಯೆಯನ್ನು ಅವರು ಗಂಜಿನಲ್ಲೇ ಬಿಟ್ಟು ಬರಬಹುದಿತ್ತು. ಬಿಡಲಿಲ್ಲ. ಚಪ್ಪಲಿ, ಗಡಿಯಾರ, ಪಂಚಾಂಗ, ಎಲ್ಲವನ್ನೂ ಎತ್ತಿ ನೋಡಿಯೇ ಕೊಳ್ಳುತ್ತಿದ್ದರು. (ಮಗಳಿಗೆ ವರ ನೋಡಲು ಹೋದಾಗ ಹುಡುಗನನ್ನು ಎತ್ತಿ ನೋಡದಂತೆ ತಡೆಯಲು ಹೆಂಡತಿ ವಿಮಲಾಬಾಯಿ ಪಟ್ಟ ಪಾಡು ಆ ದೇವರಿಗೇ ಗೊತ್ತು.)

ಇಂಥವರ ಕಾರಿನ ಬ್ಯಾಟರಿ ಒಂದು ಶನಿವಾರ ಮಧ್ಯಾಹ್ನ ಪ್ರಾಣ ಬಿಟ್ಟಿತು. ಮರುದಿನ ಬೆಳಿಗ್ಗೆ ಹತ್ತೂವರೆಗೆ ಔರಾದದಲ್ಲಿ ವಿಮಲಾಬಾಯಿಯ ತಮ್ಮ ಅಮಿತಕುಮಾರನ ಮಗಳ ತೊಟ್ಟಿಲು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ವಿಮಲಾಬಾಯಿಯೇ.

ಬರೀ ಹೋಗಿ ಮುಟ್ಟುವ ಮಾತಾಗಿದ್ದರೆ ಬಸ್ಸಿತ್ತು. ಆದರೆ ಮದುವೆಯಾದ ಇಪ್ಪತ್ತಾರು ವರ್ಷ ಆಕೆ ತವರಿಗೆ ಹೋದದ್ದು ಬಸ್ಸಿನಲ್ಲಿ, ಇಲ್ಲವೇ ಯಾರದೋ ಜೀಪಿನ ಮೂಲೆಯಲ್ಲಿ. ನಾಲ್ಕು ತಿಂಗಳ ಹಿಂದೆ ಭಾಲ್ಕಿಯ ಮಾಸ್ತರೊಬ್ಬರು ಓಡಿಸಿ ಮಾರಿದ ಬಿಳಿ ಕಾರು ಬೀದರಿನ ಮೈಲೂರು ಬಡಾವಣೆಯ ಇವರ ಮನೆಯ ಮುಂದೆ ಬಂದು ನಿಂತಿತು. ಅಂದಿನಿಂದ ಔರಾದಕ್ಕೆ ಕಾರಿನ ಫೋಟೋಗಳು ಹೋಗುತ್ತಲೇ ಇದ್ದವು. ಕಾರು ಮಾತ್ರ ಹೋಗಿರಲಿಲ್ಲ. "ಅಕ್ಕಾ, ನಿನ್ನ ಕಾರು ಬರೀ ಫೋಟೋದಾಗ ಓಡ್ತದೇನು?" ಎಂದು ತಮ್ಮ ಕೇಳಿದ ಮೇಲೆ ಆಕೆಗೆ ಒಂದೇ ಆಸೆ: ತವರಿನ ಬಾಗಿಲಲ್ಲಿ ಸ್ವಂತ ಕಾರಿನಿಂದ ಇಳಿಯಬೇಕು.

"ಹಳೀ ಬ್ಯಾಟರಿ ಬಿಚ್ಚಿ ಸಂಗಡ ಒಯ್ರಿ. ಅಂಥದ್ದೇ ತರಬೇಕಲ್ಲ" ಎಂದರು ವಿಮಲಾಬಾಯಿ.

"ಹೊಸಾ ತೊಗರಿ ತರೋ ಮುಂದ ಹಳೀ ತೊಗರಿ ಕೈಯಾಗ ಹಿಡಕೊಂಡು ಹೋಗ್ತೇನೇನು ನಾ?" ಎಂದು ಶಿವರಾಜಪ್ಪ ಕೈ ಬೀಸಿಕೊಂಡೇ ಹೊರಟರು.

ಬ್ಯಾಟರಿ ಅಂಗಡಿಯ ಅಬ್ದುಲ ವಾಹೀದ ಒಳ್ಳೆಯ ಮನುಷ್ಯ. ಕಾರಿನ ಹೆಸರು ಕೇಳಿದ, ಯಾವ ವರ್ಷದ್ದೆಂದು ಕೇಳಿದ, ಪೆಟ್ರೋಲೋ ಡೀಸೆಲ್ಲೋ ಎಂದು ಕೇಳಿದ. ಆಮೇಲೆ ಒಂದು ಚಿಕ್ಕ ಬ್ಯಾಟರಿ ತಂದು ಮುಂದಿಟ್ಟ. "ನಿಮ್ಮ ಗಾಡಿದು ಇದೇ ಸೇಠಜಿ."

ಶಿವರಾಜಪ್ಪ ಅದನ್ನು ಒಂದೇ ಕೈಯಲ್ಲಿ ಎತ್ತಿದರು. ಮುಖ ಕಿವುಚಿದರು. "ಜೊಳ್ಳು ಅದ. ಭಾರದ್ದು ತೋರಸು."

ಅದಕ್ಕಿಂತ ಭಾರದ್ದು ಬಂತು, ಅದಕ್ಕಿಂತಲೂ ಭಾರದ್ದು ಬಂತು. ಕೊನೆಗೆ ಮೂಲೆಯಲ್ಲಿ ಗಜರಾಜನಂತೆ ಕೂತಿದ್ದ ಒಂದರ ಮೇಲೆ ಅವರ ಕಣ್ಣು ಬಿತ್ತು. ಒಂದು ಕೈಯಲ್ಲಿ ಎತ್ತಲು ಹೋದರು, ಏಳಲಿಲ್ಲ. ಮುಖ ಅರಳಿತು.

"ಅರೇ ಸೇಠಜಿ, ಅದು ಟ್ರ್ಯಾಕ್ಟರದ್ರಿ!"

"ಇರಲಿ. ಹೊಲಾ ಉಳೋ ತಾಕತ್ತು ಅದಕ್ಕ ಅದ ಅಂದ್ರ, ಔರಾದಕ್ಕ ಹೋಗೋದೇನು ಮಹಾ?"

"ಭಾರ ಅದ ಅಂತ ತೊಗೋಳೋದಲ್ರಿ. ಕೂಡೋ ಜಾಗಾ, ವೈರಿನ ಉದ್ದ, ಪ್ಲಸ್ ಯಾವ ಬಾಜೂ ಅದ, ಎಲ್ಲಾ ಹೊಂದಬೇಕು. ನಮ್ಮ ಮನುಷ್ಯಾನ್ನ ಕಳಿಸ್ತೇನಿ, ಕೂಡಿಸಿ ಕೊಡ್ತಾನ."

"ಬ್ಯಾಡ. ಎರಡು ನಟ್ಟಿನ ಕೆಲಸ."

ವಾಹೀದ ಸೋತ. "ಕೂಡಲಿಲ್ಲಂದ್ರ ಜಬರದಸ್ತಿ ಮಾಡಬ್ಯಾಡ್ರಿ, ತಂದುಕೊಡ್ರಿ, ಬದಲಿ ಮಾಡ್ತೇನಿ" ಎಂದಷ್ಟೇ ಹೇಳಿದ. ಗಂಜಿನ ಹಮಾಲ ಪಂಢರಿ ಬಂದು ಹೊತ್ತು ಆಟೋದಲ್ಲಿಟ್ಟ. ಸಂಜೆ ಮನೆಯ ಪಡಸಾಲೆಯಲ್ಲಿ ಬ್ಯಾಟರಿ ವಿರಾಜಮಾನವಾಯಿತು. ಬಂದವರಿಗೆಲ್ಲ ಶಿವರಾಜಪ್ಪ "ಎತ್ತಿ ನೋಡ್ರಿ, ಎತ್ತಿ ನೋಡ್ರಿ" ಎಂದರು. ನೆರೆಯವರೊಬ್ಬರು ಎತ್ತಿ ನೋಡಿ ಸೊಂಟ ಹಿಡಿದುಕೊಂಡು ಮನೆಗೆ ಹೋದರು.

ಭಾನುವಾರ ಬೆಳಿಗ್ಗೆ ಆರೂವರೆಗೆ ಕಾರ್ಯ ಆರಂಭವಾಯಿತು. ಹಳೆಯದು ಸುಲಭವಾಗಿ ಹೊರಗೆ ಬಂತು. ಹೊಸದು ಒಳಗೆ ಹೋಗಲೊಲ್ಲದು. ಉದ್ದಕ್ಕೆ ಇಟ್ಟರು, ಅಡ್ಡಕ್ಕೆ ಇಟ್ಟರು, ಓರೆಯಾಗಿಟ್ಟು ಮೊಣಕಾಲಿನಿಂದ ಒತ್ತಿದರು. ತಟ್ಟೆಯಷ್ಟು ಜಾಗದಲ್ಲಿ ಹಿಟ್ಟು ನಾದುವ ಪರಾತ ಕೂಡುವುದುಂಟೇ? ಮೇಲೇ ಇಟ್ಟು ವೈರು ಎಳೆದರೆ ಒಂದು ಮುಟ್ಟುತ್ತದೆ, ಇನ್ನೊಂದು ಗೇಣು ದೂರ ನಿಂತು ನೋಡುತ್ತದೆ. ಅಂಗಿ, ಕೈ, ಮೂಗು ಎಲ್ಲ ಕಪ್ಪಾದವು.

ಹಸಿರು ಇಳಕಲ್ ಸೀರೆ ಉಟ್ಟು, ಕೂಸಿನ ಕುಂಚಿಗೆಯ ಚೀಲ ಹಿಡಿದು ವಿಮಲಾಬಾಯಿ ಬಾಗಿಲಲ್ಲಿ ಬಂದು ನಿಂತರು. "ಏನ್ರಿ, ಆತೇನು?"

"ಆತಂತ ತಿಳಿ. ಇನ್ನೊಂದು ವೈರು ಜೋಡಿಸಿ, ಬಾನೆಟ್ಟಿಗಿ ಸುತಳಿ ಕಟ್ಟಿಬಿಟ್ರ..."

"ಬಾನೆಟ್ಟು ತೆರಕೊಂಡು ಹೋದ್ರ ಮುಂದಿನ ದಾರಿ ಹ್ಯಾಂಗ ಕಾಣ್ತದ?"

"ನೀ ಕಿಡಕಿಯಾಗಿಂದ ತಲಿ ಹೊರಗ ಹಾಕಿ ಹೇಳ್ತಾ ಹೋಗು."

ವಿಮಲಾಬಾಯಿ ಬೈಯಲಿಲ್ಲ. ಬೈದಿದ್ದರೆ ಶಿವರಾಜಪ್ಪನವರಿಗೆ ಹಗುರಾಗುತ್ತಿತ್ತು. ಆಕೆಯ ಕಣ್ಣಲ್ಲಿ ನೀರು ತುಂಬಿತು. ಸೆರಗಿನಿಂದ ಒರೆಸಿಕೊಂಡು ಗಡಿಯಾರ ನೋಡಿದರು.

"ಎಂಟಕ್ಕ ಬಸ್ಸದ. ಕೂಸಿನ ಕಿವ್ಯಾಗ ಹೆಸರು ಹೇಳೋದು ನಾನು, ನಿಮ್ಮ ಬ್ಯಾಟರಿ ಅಲ್ಲ. ನೀವು ಇದನ್ನೇ ಎತ್ತಿ ಇಳಿಸಿಕೋತ ಕೂಡ್ರಿ" ಎಂದು ನಡೆದೇಬಿಟ್ಟರು.

ಇಪ್ಪತ್ತೆಂಟು ವರ್ಷದ ವ್ಯಾಪಾರದಲ್ಲಿ ಎಷ್ಟೋ ಪೆಟ್ಟು ತಿಂದಿದ್ದ ಶಿವರಾಜಪ್ಪನವರಿಗೆ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಓಣಿಯ ತಿರುವಿನಲ್ಲಿ ಹಸಿರು ಸೀರೆ ಮರೆಯಾಗುವವರೆಗೆ ನೋಡಿದರು. ಆಮೇಲೆ ಗಜರಾಜನನ್ನು ಆಟೋಗೆ ಹೇರಿಸಿ ನೇರವಾಗಿ ವಾಹೀದನ ಮನೆಗೆ ಹೋದರು. ಅವನು ಚಹಾ ಬಸಿ ಕೆಳಗಿಟ್ಟು ಎದ್ದು ಬಂದ, ಅಂಗಡಿ ತೆಗೆದ, ನಿನ್ನೆಯ ಅದೇ ಜೊಳ್ಳು ಬ್ಯಾಟರಿಯನ್ನು ತಾನೇ ತಂದು ಕೂಡಿಸಿದ. ತೊಟ್ಟಿಲಲ್ಲಿ ಕೂಸಿಟ್ಟ ಹಾಗೆ ಕೂತಿತು. ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಕಾರು ಗುರ್ ಎಂದಿತು. ಬಟ್ಟೆ ಬದಲಿಸುವುದನ್ನೂ ಮರೆತು ಶಿವರಾಜಪ್ಪ ಔರಾದದ ದಾರಿ ಹಿಡಿದರು.

ಮುಟ್ಟಿದಾಗ ಹನ್ನೊಂದೂ ಕಾಲು. ಹೆಸರಿಟ್ಟಾಗಿತ್ತು. ಕೂಸು ಮಾನಸಿ ಎನಿಸಿಕೊಂಡು ನಿದ್ದೆ ಮಾಡುತ್ತಿತ್ತು. ಮನೆಯಿಂದ ನಾಲ್ಕು ಹೆಜ್ಜೆ ಈಚೆ ಕಾರು ನಿಲ್ಲಿಸಿ, ಒಳಗೆ ಯಾವ ಮುಖ ಹೊತ್ತು ಹೋಗಲಿ ಎಂದು ಅವರು ಕೂತಿರುವಾಗ ವಿಮಲಾಬಾಯಿ ದಡದಡ ಹೊರಗೆ ಬಂದರು. ಬೆಳಿಗ್ಗೆಯಿಂದ ತವರಿನ ಮಂದಿಯೆಲ್ಲ "ಕಾರೆಲ್ಲದ? ಕಾರೆಲ್ಲದ?" ಎಂದು ಆಕೆಯ ಜೀವ ಹಿಂಡಿದ್ದರು. ಆಕೆ ಕಾರಿನ ಹಿಂದಿನ ಬಾಗಿಲು ತೆರೆದು ಒಳಗೆ ಕೂತರು.

"ಹಿಂದಕ್ಕ ತೊಗೋರಿ."

"ಮನಿಗಿ ಹೋಗೋದೇನು?" ಶಿವರಾಜಪ್ಪ ಹೆದರಿದರು.

"ಮೂಲಿತನಕ ಹಿಂದಕ್ಕ ತೊಗೋರಿ ಅಂದೆ. ಹಾಂ. ಈಗ ಮುಂದ ಹೊಡೀರಿ, ಸಾವಕಾಶ. ಹಾರನ್ ಹೊಡೀರಿ. ಇನ್ನೂ ಜೋರಲೆ!"

ಹಾರನ್ ಸದ್ದಿಗೆ ಮನೆಯ ಮಂದಿಯೆಲ್ಲ ಹೊರಗೆ ಬಂತು. ಸೆರಗು ಸರಿಮಾಡಿಕೊಂಡು ವಿಮಲಾಬಾಯಿ ಮಹಾರಾಣಿಯ ಹಾಗೆ ತವರಿನ ಬಾಗಿಲಲ್ಲಿ ಇಳಿದರು. ಅಮಿತಕುಮಾರ ಬಾಯಿ ತೆರೆದ. "ಅಕ್ಕಾ, ಈಗರೆ ಒಳಗ ಊಟಕ್ಕ ಬಡಸ್ಲತ್ತಿದ್ದಿ?"

"ಆಗ ಕೂಸಿನ ಸಲುವಾಗಿ ಬಂದಿದ್ದೆ. ಈಗ ನಾ ಬಂದೇನಿ" ಎಂದರು ಆಕೆ.

ಆ ಗದ್ದಲದಲ್ಲಿ ಕಮಲನಗರದಿಂದ ಬಂದಿದ್ದ, ಕಣ್ಣು ಮಂಜಾದ ಮುದುಕಿಯೊಬ್ಬರು ಶಿವರಾಜಪ್ಪನವರ ಕಪ್ಪು ಕೈ ಹಿಡಿದರು. "ಬಾ ತಮ್ಮಾ, ಡ್ರೈವರ್ ಮಂದಿ ಊಟ ಹಿತ್ತಲದಾಗ ಹಾಕ್ಯಾರ."

ಶಿವರಾಜಪ್ಪ ನ್ಯಾಯ ಬೇಡುವವರಂತೆ ಹೆಂಡತಿಯ ಮುಖ ನೋಡಿದರು. ವಿಮಲಾಬಾಯಿ ಅವರನ್ನು ಅಡಿಯಿಂದ ಮುಡಿಯತನಕ ನೋಡಿದರು. ಬೆಳಗಿನಿಂದ ಮೊದಲ ಸಲ ಆಕೆಯ ಮುಖದಲ್ಲಿ ನಗೆ ಮೂಡಿತು.

"ಹೂಂ ಚಿಗವ್ವಾ, ಕರಕೊಂಡು ಹೋಗ್ರಿ. ಮುಂಜಾನಿಂದ ಉಪವಾಸ ಅದಾರ. ಎರಡು ಹೋಳಿಗಿ ಜಾಸ್ತಿ ಹಾಕ್ರಿ, ಗಾಡಿ ಛಲೋ ಹೊಡೀತಾರ."

ಶಿವರಾಜಪ್ಪ ಹಿತ್ತಲಿಗೆ ಹೋಗಿ, ಇಬ್ಬರು ಜೀಪ್ ಡ್ರೈವರುಗಳ ನಡುವೆ ಕೂತು, ಐದು ಹೋಳಿಗೆ ತಿಂದರು.